‘ಟೆಕ್ನಿಕಲ್ ಪ್ರಾಬ್ಲೆಮ್’ ಎಂದು ವಿಮಾನ ತಡ, ರಿಪೇರಿ ಬಾಕಿ ಇಟ್ಟು ಹಾರಾಟ: ಇದು ಸರಿಯಾ?

ಪೆರ್ಲದ ಮಾಸ್ಟ್ರು ಕೇಳಿದ್ದು

ಕಾಸರಗೋಡಿನ ನಮಗೆಲ್ಲ ವಿಮಾನ ನಿಲ್ದಾಣ ಎಂದರೆ ಉತ್ತರಕ್ಕೆ ಮಂಗಳೂರಿನ ಬಜ್ಪೆ, ದಕ್ಷಿಣಕ್ಕೆ ಕಣ್ಣೂರು. ಉಪ್ಪಳ, ಕುಂಬಳೆ, ಬದಿಯಡ್ಕ ಕಡೆ ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಮನೆ ಕಡಿಮೆ. 2010ರ ಬಜ್ಪೆ ದುರಂತದಲ್ಲಿ ನಮ್ಮ ಜಿಲ್ಲೆಯವರೇ ಎಷ್ಟೋ ಮಂದಿ ತೀರಿಹೋದರು. ಹಾಗಾಗಿ ವಿಮಾನದ ಸುರಕ್ಷತೆಯ ಮಾತು ಇಲ್ಲಿ ಬರೀ ಸುದ್ದಿಯಲ್ಲ, ಮನೆಮನೆಯ ಚಿಂತೆ. ಗೊತ್ತಿರುವವರು ದಯವಿಟ್ಟು ವಿವರವಾಗಿ ಹೇಳಿ.

ಎಪಿಯು ಎಂಬ ಸಣ್ಣ ಎಂಜಿನ್ ಕೆಟ್ಟಿದೆ ಎಂದು ಹೇಳಿ, ಏಸಿ ಇಲ್ಲದೆ ಸೆಕೆಯಲ್ಲಿ ಕೂರಿಸಿ, ಆಮೇಲೆ ಅದೇ ವಿಮಾನವನ್ನು ಹಾರಿಸುತ್ತಾರೆ. ಕೇಳಿದರೆ ‘ಎಂಇಎಲ್‌ನಲ್ಲಿ ಅವಕಾಶ ಉಂಟು’ ಎನ್ನುತ್ತಾರೆ. ಕೆಟ್ಟದ್ದನ್ನು ಸರಿಮಾಡದೆ ಹಾರಲು ಬಿಡುವ ನಿಯಮ ಎಂತದ್ದು? ಬಜ್ಪೆಯಲ್ಲಿ ಆದದ್ದು ವಿಮಾನದ ದೋಷವಾ? ಹಳೆಯ ವಿಮಾನ ಇರುವ ಕಂಪನಿಯನ್ನು ಬಿಡಬೇಕಾ? ನಿರ್ವಹಣೆ ಚೆನ್ನಾಗಿರುವ ಕಂಪನಿ ಯಾವುದೆಂದು ಹೊರಗಿನವರಿಗೆ ತಿಳಿಯುವ ದಾರಿ ಏನಾದರೂ ಉಂಟಾ?

---

ರಾತ್ರಿಪಾಳಿ

ಮಾಸ್ಟ್ರೇ, ಮೊದಲು ಎಂಇಎಲ್ ವಿಷಯ. ಮಿನಿಮಮ್ ಎಕ್ವಿಪ್‌ಮೆಂಟ್ ಲಿಸ್ಟ್ ಎಂಬುದು ಇದರ ಪೂರ್ತಿ ಹೆಸರು. ಯಾವ ಭಾಗ ಕೆಟ್ಟಿದ್ದರೂ ಹೊರಡಬಹುದು, ಯಾವ ಷರತ್ತಿನ ಮೇಲೆ, ಎಷ್ಟು ದಿನದೊಳಗೆ ಸರಿಮಾಡಬೇಕು ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ಆ ಮಾದರಿಯ ವಿಮಾನಕ್ಕೆ ಒಂದು ಮೂಲ ಪಟ್ಟಿ ಇರುತ್ತದೆ. ಕಂಪನಿ ತನ್ನ ಪಟ್ಟಿಯನ್ನು ಅದಕ್ಕಿಂತ ಬಿಗಿ ಮಾಡಿಕೊಳ್ಳಬಹುದು, ಸಡಿಲ ಮಾಡುವಂತಿಲ್ಲ. ದೇಶದ ವಿಮಾನಯಾನ ನಿಯಂತ್ರಕರಾದ ಡಿಜಿಸಿಎ ಒಪ್ಪಿದ ಮೇಲೆಯೇ ಅದು ಚಾಲ್ತಿಗೆ ಬರುವುದು.

ಗಡುವಿಗೆ ನಾಲ್ಕು ವರ್ಗ. ಬಿ ವರ್ಗಕ್ಕೆ 3 ದಿನ, ಸಿ ವರ್ಗಕ್ಕೆ 10 ದಿನ, ಡಿ ವರ್ಗಕ್ಕೆ 120 ದಿನ. ಎ ವರ್ಗಕ್ಕೆ ಆಯಾ ಭಾಗದ ಎದುರು ಬರೆದ ಗಡುವು, ಕೆಲವಕ್ಕೆ ಇಂತಿಷ್ಟು ಹಾರಾಟ ಎಂದೇ ಇರುತ್ತದೆ. ದೋಷ ಕಂಡು ಬರೆದ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮರುದಿನದಿಂದ ಎಣಿಕೆ. ಗಡುವಿನ ಜೊತೆ ಎರಡು ಬಗೆಯ ಷರತ್ತು ಬರಬಹುದು: ಎಂಜಿನಿಯರ್ ಮಾಡಬೇಕಾದ ಕೆಲಸ, ಪೈಲಟ್ ಪಾಲಿಸಬೇಕಾದ ಕ್ರಮ. ಎಂಜಿನಿಯರ್ ಸಂಬಂಧಪಟ್ಟ ಕರೆಂಟಿನ ಬ್ರೇಕರ್ ಎಳೆದು, ಅದನ್ನು ಮತ್ತೆ ಒತ್ತದಂತೆ ಕಾಲರ್ ಹಾಕಿ, ಕಾಕ್‌ಪಿಟ್‌ನಲ್ಲಿ ಆ ಸ್ವಿಚ್ಚಿನ ಪಕ್ಕ ‘ಇನಾಪ್’ (ಕೆಲಸ ಮಾಡುತ್ತಿಲ್ಲ) ಚೀಟಿ ಅಂಟಿಸಿ, ದೋಷ, ರಿಪೇರಿಗಳನ್ನು ಬರೆಯುವ ಪುಸ್ತಕವಾದ ಟೆಕ್ ಲಾಗ್‌ನಲ್ಲಿ ಎಂಇಎಲ್‌ನ ಕ್ರಮಸಂಖ್ಯೆ ಸಮೇತ ಬರೆದು ಸಹಿ ಹಾಕಿದ ಮೇಲೆಯೇ ವಿಮಾನ ರಿಲೀಸ್. ಇಷ್ಟಾದ ಮೇಲೂ ‘ಈ ಸ್ಥಿತಿಯಲ್ಲಿ ಒಯ್ಯುವುದಿಲ್ಲ’ ಎನ್ನುವ ಹಕ್ಕು ಕ್ಯಾಪ್ಟನ್‌ಗೆ ಉಂಟು.

ಇನ್ನು ನೀವು ಹೇಳಿದ ಎಪಿಯು. ಅದು ಬಾಲದ ತುದಿಯಲ್ಲಿರುವ ಸಣ್ಣ ಟರ್ಬೈನ್. ನೆಲದಲ್ಲಿ ನಿಂತಾಗ ಕರೆಂಟು, ಏಸಿಗೆ ಬೇಕಾದ ಒತ್ತಡದ ಗಾಳಿ, ಎಂಜಿನ್ ಸ್ಟಾರ್ಟ್ ಮಾಡಲು ಗಾಳಿ, ಮೂರನ್ನೂ ಕೊಡುತ್ತದೆ. ಎಂಜಿನ್‌ಗಳು ಶುರುವಾದ ಮೇಲೆ ಆ ಕೆಲಸವನ್ನೆಲ್ಲ ಅವೇ ಮಾಡುತ್ತವೆ, ಆದ್ದರಿಂದ ಎಪಿಯು ಇಲ್ಲದೆ ಹಾರಲು ಅವಕಾಶ ಇದೆ. ಆದರೆ ನೆಲದ ಕೆಲಸ ಹೆಚ್ಚುತ್ತದೆ. ಕರೆಂಟಿಗೆ ಜಿಪಿಯು ಗಾಡಿ, ಸ್ಟಾರ್ಟಿಗೆ ಏರ್ ಸ್ಟಾರ್ಟ್ ಗಾಡಿ ತರಬೇಕು. ಒಂದು ಎಂಜಿನ್ ಅನ್ನು ವಿಮಾನ ನಿಂತ ಜಾಗದಲ್ಲೇ ಚಾಲೂ ಮಾಡಿ, ಓಡುತ್ತಿರುವ ಎಂಜಿನ್ನಿನ ಪಕ್ಕದಲ್ಲೇ ಗಾಡಿಯ ಹೋಸ್ ಬಿಚ್ಚಿ ತೆಗೆಯಬೇಕು. ನಿಜವಾಗಿ ಅಪಾಯ ಇರುವುದು ಆ ನೆಲದ ಹುಡುಗರಿಗೆ. ಪುಶ್‌ಬ್ಯಾಕ್ ಆದ ಮೇಲೆ, ಅಂದರೆ ವಿಮಾನವನ್ನು ಹಿಂದಕ್ಕೆ ತಳ್ಳಿದ ಮೇಲೆ, ಮೊದಲ ಎಂಜಿನ್ನಿನ ಶಕ್ತಿ ಏರಿಸಿ, ಅದರ ಗಾಳಿಯಿಂದ ಎರಡನೆಯದನ್ನು ಸ್ಟಾರ್ಟ್ ಮಾಡುತ್ತಾರೆ. ಹಿಂದೆ ಗಾಡಿಯಾಗಲಿ ಜನರಾಗಲಿ ಇಲ್ಲವೆಂದು ಖಚಿತ ಮಾಡಿಕೊಳ್ಳದೆ ಅದನ್ನು ಮಾಡುವ ಹಾಗಿಲ್ಲ. ಅಷ್ಟರವರೆಗೆ ಏಸಿಗೆ ಬೇರೆ ಗಾಡಿ ತಂದು ಜೋಡಿಸದಿದ್ದರೆ ಒಳಗೆ ಸೆಕೆ. ನಿಮ್ಮ ಸಂಕಟಕ್ಕೆ ಕಾರಣ ಅದು. ಹಾರಾಟಕ್ಕೆ ಅದರಿಂದ ಅಪಾಯವಿಲ್ಲ. ದೂರದ ಸಮುದ್ರದ ಮೇಲಿನ ದಾರಿಗಳಿಗೆ ಮಾತ್ರ ಎಪಿಯು ಇಲ್ಲದಿದ್ದರೆ ಬೇರೆ ನಿರ್ಬಂಧ ಬೀಳುತ್ತದೆ.

ನಮ್ಮ ಕರಾವಳಿಗೆ ನೇರ ತಾಗುವ ಉದಾಹರಣೆ ಕಾಕ್‌ಪಿಟ್ ಗಾಜಿನ ವೈಪರ್. ಬೋಯಿಂಗ್ 737ರ ಮೂಲ ಪಟ್ಟಿಯಲ್ಲಿ ವೈಪರ್ ಕೆಟ್ಟಿದ್ದರೂ ಹಾರಬಹುದು, ಆದರೆ ಹೊರಡುವ ಮತ್ತು ಇಳಿಯುವ ನಿಲ್ದಾಣದ 5 ನಾಟಿಕಲ್ ಮೈಲಿ, ಅಂದರೆ ಸುಮಾರು 9 ಕಿ.ಮೀ. ಒಳಗೆ ಮಳೆ ಇರಬಾರದು. ರಾಜಸ್ಥಾನದಲ್ಲಿ ಅದು ಸಣ್ಣ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಜ್ಪೆ, ಕಣ್ಣೂರು, ಕರಿಪುರಕ್ಕೆ (ಕೋಝಿಕ್ಕೋಡ್ ನಿಲ್ದಾಣ) ಹಾರುವ ವಿಮಾನದಲ್ಲಿ ವೈಪರ್ ಬಾಕಿ ಇಟ್ಟರೆ ಪಟ್ಟಿಯ ಅಕ್ಷರ ಪಾಲಿಸಿ ಅರ್ಥವನ್ನು ಬಿಟ್ಟ ಹಾಗೆ. ರಿಪೇರಿ ಕೆಲಸವನ್ನು ಯೋಜಿಸುವ ಒಳ್ಳೆಯ ಮೇಂಟೆನೆನ್ಸ್ ಕಂಟ್ರೋಲ್ ವಿಭಾಗ ಮೇ ತಿಂಗಳಲ್ಲೇ ಬ್ಲೇಡುಗಳನ್ನು ಬದಲಿಸಿ, ಮೋಟಾರಿನ ವೇಗ ಪರೀಕ್ಷಿಸಿ, ಅಂಥ ಸ್ನ್ಯಾಗ್ (ದೋಷ) ಇರುವ ವಿಮಾನವನ್ನು ಒಣ ಊರುಗಳ ದಾರಿಗೆ ಹಾಕುತ್ತದೆ.

ಎಂಇಎಲ್ ದುರ್ಬಳಕೆ ಆಗುವುದು ಎಲ್ಲಿ ಎಂದೂ ಹೇಳಬೇಕು. ಒಂದೇ ವಿಮಾನದಲ್ಲಿ ಐದಾರು ಬಾಕಿಗಳು ಗುಡ್ಡೆಬಿದ್ದು, ಬಿಡಿಬಿಡಿಯಾಗಿ ಸರಿ ಇದ್ದರೂ ಒಟ್ಟಿಗೆ ಪೈಲಟ್‌ಗೆ ಭಾರವಾಗುವುದು. ಗಡುವು ಮುಗಿಯುವ ದಿನ ‘ಪರೀಕ್ಷಿಸಿದೆ, ಸರಿ ಇದೆ’ ಎಂದು ಮುಚ್ಚಿ, ಎರಡು ದಿನ ಬಿಟ್ಟು ಅದೇ ದೋಷವನ್ನು ಹೊಸದೆಂಬಂತೆ ಬರೆದು ಮತ್ತೆ ಹತ್ತು ದಿನ ಗಳಿಸುವುದು. ಈ ಎರಡನೆಯದು ನನ್ನ ಪ್ರಕಾರ ಮೋಸವೇ. ಇದನ್ನು ಹಿಡಿಯಲೆಂದೇ ಮರುಕಳಿಸುವ ಸ್ನ್ಯಾಗ್‌ಗಳ ಪಟ್ಟಿಯನ್ನು ಪ್ರತ್ಯೇಕವಾಗಿ ಇಡಬೇಕು, ದಿನಾ ಬೆಳಗ್ಗಿನ ಮೀಟಿಂಗ್‌ನಲ್ಲಿ ಅದನ್ನೇ ಮೊದಲು ತೆಗೆಯಬೇಕು.

---

ಪಯಸ್ವಿನಿ ದಡ

ಮಾಸ್ಟ್ರೇ, ಬಜ್ಪೆಯ ಬಗ್ಗೆ ನಾನು ಬರೆಯುತ್ತೇನೆ. 22 ಮೇ 2010, ದುಬೈಯಿಂದ ಬಂದ 737-800. ವಿಮಾನದಲ್ಲಿದ್ದ 166 ಜನರಲ್ಲಿ 158 ಮಂದಿ ತೀರಿಕೊಂಡರು, 8 ಮಂದಿ ಉಳಿದರು. ತನಿಖೆಯಲ್ಲಿ ಮುಖ್ಯ ಕಾರಣವಾಗಿ ಬಂದದ್ದು ವಿಮಾನದ ದೋಷ ಅಲ್ಲ. ಸರಿಯಾಗಿ ಹೊಂದಿಸಿಕೊಳ್ಳದ ಇಳಿತವನ್ನು ಕ್ಯಾಪ್ಟನ್ ಕೈಬಿಡದೆ ಮುಂದುವರಿಸಿದ್ದು. ವಾಯ್ಸ್ ರೆಕಾರ್ಡರಿನ ಮೊದಲ 1 ಗಂಟೆ 40 ನಿಮಿಷ ಮಾತೇ ಇಲ್ಲ, ಗೊರಕೆ ಕೇಳುತ್ತದೆ. ಗಾಢ ನಿದ್ದೆಯಿಂದ ಎದ್ದವನ ಮಂಪರು ತೀರ್ಮಾನವನ್ನು ಕೆಡಿಸುತ್ತದೆ ಎಂಬುದನ್ನು ತನಿಖೆ ಎತ್ತಿ ಹೇಳಿತು. ಮಂಗಳೂರಿನ ರಾಡಾರ್ ಆಗ ಎರಡು ದಿನದಿಂದ ಕೆಲಸ ಮಾಡುತ್ತಿರಲಿಲ್ಲ, ಇಳಿತ ಶುರುವಾದದ್ದೂ ತಡ. ಹೀಗಾಗಿ ವಿಮಾನ ಇರಬೇಕಾದದ್ದಕ್ಕಿಂತ ತೀರಾ ಎತ್ತರದಲ್ಲಿ ಬಂತು. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ವೇಗ ತಗ್ಗಿಸಲು ಎಂಜಿನ್ನಿನ ರಿವರ್ಸ್ ಹಾಕಿದ ಮೇಲೆ ಮತ್ತೆ ಏರಲು ನೋಡಿದರು. ಗುಡ್ಡದ ತಲೆಯ ರನ್‌ವೇ, ಆಚೆ ಕಣಿವೆ.

ಇದರಲ್ಲಿ ಎಲ್ಲರೂ ಗಮನಿಸಬೇಕಾದ ಅಂಶ ಒಂದುಂಟು. ‘ಗೋ ಅರೌಂಡ್’ (ಇಳಿಯದೆ ಮತ್ತೆ ಏರಿ) ಎಂದು ಎರಡನೆಯ ಪೈಲಟ್ ಆದ ಫಸ್ಟ್ ಆಫೀಸರ್ ಒಂದು ಸಲ ಅಲ್ಲ, ಮೂರು ಸಲ ಹೇಳಿದ್ದರು. ಕಿರಿಯನ ಮಾತಿಗೆ ಹಿರಿಯ ತಕ್ಷಣ ಕಿವಿಗೊಡುವುದು, ಕೊಡದಿದ್ದರೆ ಕಿರಿಯ ಕಂಟ್ರೋಲ್ ತೆಗೆದುಕೊಳ್ಳಲು ಹಿಂಜರಿಯದಿರುವುದು, ಆಮೇಲೆ ಕಂಪನಿ ಇಬ್ಬರನ್ನೂ ‘ಇಂಧನ ಯಾಕೆ ಸುಟ್ಟಿರಿ’ ಎಂಬ ಧಾಟಿಯಲ್ಲಿ ಕೇಳದಿರುವುದು, ಸುರಕ್ಷತಾ ಸಂಸ್ಕೃತಿ ಎನ್ನುವುದು ಇದನ್ನೇ. ಗೋಡೆಯ ಪೋಸ್ಟರ್‌ನಿಂದ ಅದು ಬರುವುದಿಲ್ಲ.

7 ಆಗಸ್ಟ್ 2020ರ ಕರಿಪುರ ದುರಂತದಲ್ಲಿ ಇಬ್ಬರು ಪೈಲಟ್‌ಗಳೂ ಸೇರಿ 21 ಮಂದಿ ಹೋದರು. ಅಲ್ಲೂ ತನಿಖಾ ವರದಿ ಅದನ್ನೇ ಹೇಳಿತು: ಅಸ್ಥಿರ ಇಳಿತವನ್ನು ಮುಂದುವರಿಸಿದರು, ಚಕ್ರ ನೆಲ ಮುಟ್ಟುವಾಗ ರನ್‌ವೇ ಅರ್ಧ ಮುಗಿದಿತ್ತು. ಆದರೆ ಮೇಲೆ ರಾತ್ರಿಪಾಳಿಯವರು ಬರೆದ ವೈಪರ್ ಇಲ್ಲಿ ಬರುತ್ತದೆ. ಜೋರು ಮಳೆಯಲ್ಲಿ ಮೊದಲ ಸಲ ಇಳಿಯಲು ನೋಡುವಾಗ ಕ್ಯಾಪ್ಟನ್ ಕಡೆಯ ವೈಪರ್ ನಿಂತುಹೋಗಿತ್ತು. ಅದೊಂದೇ ಕಾರಣ ಎಂದು ಯಾರೂ ಹೇಳುವುದಿಲ್ಲ. ಆದರೆ ಪೈಲಟ್‌ನ ತೀರ್ಮಾನ ಬೇರೆ, ಎಂಜಿನಿಯರ್‌ನ ಕೆಲಸ ಬೇರೆ ಎಂದು ಗೆರೆ ಎಳೆಯಲು ಆಗದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

---

ಟಾರ್ಕ್ ರೆಂಚ್

ಮೇಲಿನ ಇಬ್ಬರೂ ಹೇಳಿದ್ದು ಸರಿ. ಹ್ಯಾಂಗರ್‌ನೊಳಗೆ ಎಡವಟ್ಟು ಆಗುವುದು ಹೇಗೆ ಎಂಬುದನ್ನು ನಾನು ಸೇರಿಸುತ್ತೇನೆ. ದೊಡ್ಡ ದೊಡ್ಡ ಕಾರಣ ಹುಡುಕುವ ಅಗತ್ಯ ಇಲ್ಲ, ಬೋಲ್ಟು, ರಬ್ಬರ್ ರಿಂಗು, ಗ್ರೀಸು, ಇಷ್ಟರಲ್ಲೇ ಎಲ್ಲ ಉಂಟು.

10 ಜೂನ್ 1990ರಂದು ಬ್ರಿಟಿಷ್ ಏರ್‌ವೇಸ್‌ನ ಬಿಎಸಿ 1-11 ವಿಮಾನದ ಕಾಕ್‌ಪಿಟ್ ಗಾಜು 17,300 ಅಡಿಯಲ್ಲಿ ಹಾರಿಹೋಗಿ ಕ್ಯಾಪ್ಟನ್ ಅರ್ಧ ದೇಹ ಹೊರಗೆ ಸಿಕ್ಕಿಕೊಂಡರು. ಸಿಬ್ಬಂದಿ ಕಾಲು ಹಿಡಿದುಕೊಂಡಿದ್ದರಿಂದ ಬದುಕಿದರು. ಗಾಜು ಬದಲಾಯಿಸಿದ್ದು ಹಾರಾಟಕ್ಕೆ 27 ಗಂಟೆ ಮೊದಲು, ನಸುಕಿನ ಹೊತ್ತಿನಲ್ಲಿ, ಜನ ಕಡಿಮೆ ಇದ್ದ ಪಾಳಿಯಲ್ಲಿ. 90 ಬೋಲ್ಟುಗಳಲ್ಲಿ 84ರ ದಪ್ಪ 0.026 ಇಂಚು ಕಡಿಮೆ, ಉಳಿದ 6 ಉದ್ದದಲ್ಲಿ 0.1 ಇಂಚು ಗಿಡ್ಡ. ಕೆಲಸ ಮಾಡಿದವರು ಪಾರ್ಟ್ಸ್ ಕೆಟಲಾಗ್ ನೋಡದೆ, ಬಿಚ್ಚಿದ ಹಳೆಯ ಬೋಲ್ಟನ್ನು ಮಂದ ಬೆಳಕಿನಲ್ಲಿ ಡ್ರಾಯರಿನ ಬೋಲ್ಟುಗಳ ಪಕ್ಕ ಹಿಡಿದು ಕಣ್ಣಂದಾಜಿನಲ್ಲಿ ಆರಿಸಿದ್ದರು. ತೆಳು ಬೋಲ್ಟು ಜಾರುವುದನ್ನೇ ಸಾಕಷ್ಟು ಬಿಗಿಯಾಯಿತು ಎಂದು ತಿಳಿಸುವ ಟಾರ್ಕ್ ಸ್ಕ್ರೂಡ್ರೈವರಿನ ‘ಕ್ಲಿಕ್’ ಎಂದು ಕೈ ನಂಬಿತು. ಆ ಕೆಲಸಕ್ಕೆ ಎರಡನೆಯವರ ತಪಾಸಣೆ ಕಡ್ಡಾಯ ಇರಲಿಲ್ಲ. ಹಳೆಯ ಬೋಲ್ಟುಗಳೇ ತಪ್ಪು ಅಳತೆಯವು ಎಂಬುದು ಇಲ್ಲಿ ಇನ್ನೂ ದೊಡ್ಡ ವಿಷಯ. ಬಿಚ್ಚಿದ್ದನ್ನು ನೋಡಿ ಹಾಕಬಾರದು, ಪುಸ್ತಕ ನೋಡಿಯೇ ಹಾಕಬೇಕು ಎನ್ನುವುದು ಇದಕ್ಕೇ.

5 ಮೇ 1983ರಂದು ಮಯಾಮಿಯಿಂದ ಹೊರಟ ಈಸ್ಟರ್ನ್ ಏರ್‌ಲೈನ್ಸ್‌ನ ಎಲ್-1011. ಎಂಜಿನ್ ಆಯಿಲಿನಲ್ಲಿ ಲೋಹದ ಚೂರು ಹಿಡಿಯುವ ಮ್ಯಾಗ್ನೆಟಿಕ್ ಪ್ಲಗ್‌ಗಳನ್ನು ಮೂರೂ ಎಂಜಿನ್‌ಗಳಿಗೆ ಸೋರದಂತೆ ತಡೆಯುವ ರಬ್ಬರಿನ ಒ-ರಿಂಗ್ ಇಲ್ಲದೆ ಹಾಕಿದ್ದರು. ರಿಂಗ್ ಮೊದಲೇ ತೊಡಿಸಿಟ್ಟ ಪ್ಲಗ್ ಸಿಗುವುದು ಅಭ್ಯಾಸವಾಗಿತ್ತು, ಆ ದಿನ ಸಿಕ್ಕಿದ್ದು ರಿಂಗ್ ಇಲ್ಲದ್ದು. ಮೂರರಲ್ಲೂ ಆಯಿಲ್ ಸೋರಿತು. ಮೊದಲೇ ಆಫ್ ಮಾಡಿದ್ದ ಒಂದನ್ನು ಮತ್ತೆ ಚಾಲೂ ಮಾಡಿ ಮಯಾಮಿಗೆ ವಾಪಸು ಇಳಿಸಿದರು, ಯಾರಿಗೂ ಪ್ರಾಣಾಪಾಯ ಆಗಲಿಲ್ಲ. ಒಂದೇ ಪಾಳಿಯಲ್ಲಿ ಒಬ್ಬನೇ ಒಂದಕ್ಕಿಂತ ಹೆಚ್ಚು ಎಂಜಿನ್ನಿನ ಒಂದೇ ಕೆಲಸ ಮಾಡಬಾರದು ಎಂಬ ಕಟ್ಟು ಇಂಥ ಘಟನೆಗಳಿಂದಲೇ ಬಂದದ್ದು. ಬೇರೆ ದಾರಿ ಇಲ್ಲದಿದ್ದರೆ ಬೇರೊಬ್ಬ ಸ್ವತಂತ್ರವಾಗಿ ನೋಡಿ ಸಹಿ ಹಾಕಬೇಕು, ಎಂಜಿನ್ ಓಡಿಸಿ ಸೋರಿಕೆ ಪರೀಕ್ಷಿಸಬೇಕು.

ಗ್ರೀಸಿನ ಕಥೆ ಅತಿ ನೋವಿನದು. 31 ಜನವರಿ 2000, ಅಲಾಸ್ಕಾ ಏರ್‌ಲೈನ್ಸ್‌ನ ಎಂಡಿ-83, 88 ಸಾವು. ಬಾಲದ ಅಡ್ಡರೆಕ್ಕೆಯನ್ನು (ಸ್ಟೆಬಿಲೈಸರ್) ಏರಿಸಿ ಇಳಿಸುವ ಜ್ಯಾಕ್‌ಸ್ಕ್ರೂವಿನ ನಟ್ಟಿನೊಳಗಿನ ಎಳೆ ಪೂರ್ತಿ ಸವೆದುಹೋಗಿತ್ತು. ಗ್ರೀಸ್ ಹಾಕುವ ಅವಧಿಯನ್ನು ಹಂತಹಂತವಾಗಿ ಹಿಗ್ಗಿಸಿ 1996ರಲ್ಲಿ 8 ತಿಂಗಳಿಗೆ ಒಂದು ಸಲ ಎಂದು ಮಾಡಿದ್ದರು, ಹಾರಾಟದ ಗಂಟೆಯ ಮಿತಿ ಇಲ್ಲದೆ. ಒಂದೊಂದು ಹಿಗ್ಗಿಸುವಿಕೆಗೂ ಒಪ್ಪಿಗೆ ಇತ್ತು. 1997ರಲ್ಲಿ ಅಳೆದಾಗ ಸ್ಕ್ರೂ ಮತ್ತು ನಟ್ಟಿನ ನಡುವಿನ ಸಡಿಲ 0.040 ಇಂಚು, ಅಂದರೆ ಮಿತಿಯ ಅಂಚು. ನಟ್ಟು ಬದಲಿಸಲು ಬರೆದರು. ಮುಂದಿನ ಪಾಳಿ ಮತ್ತೆ ಅಳೆದಾಗ 0.033 ಬಂತು, ಹಾಗೆಯೇ ಬಿಟ್ಟರು. ಸರಿಯಾಗಿ ಮಾಡಿದರೆ ನಾಲ್ಕು ಗಂಟೆ ಹಿಡಿಯುವ ಗ್ರೀಸ್ ಕೆಲಸ ಕೊನೆಯ ಸಲ ಸುಮಾರು ಒಂದು ಗಂಟೆಯಲ್ಲಿ ಮುಗಿದಿತ್ತು. ಕಾಗದದಲ್ಲಿ ಎಲ್ಲವೂ ಸರಿ ಇತ್ತು, ಸ್ಕ್ರೂ ಮಾತ್ರ ಒಣಗಿತ್ತು. ಕೆಲಸಕ್ಕೆ ಹಿಡಿದ ಸಮಯವನ್ನು ನೋಡದೆ ಸಹಿಯನ್ನು ಮಾತ್ರ ನೋಡುವ ಆಡಿಟ್ ಇಂಥದ್ದನ್ನು ಹಿಡಿಯಲಾರದು.

---

ಪೆರ್ಲದ ಮಾಸ್ಟ್ರು

ಮೂವರಿಗೂ ದೊಡ್ಡ ಉಪಕಾರ. ಓದಿ ಹೆದರಿಕೆಯೂ ಆಯಿತು, ವಿಷಯವೂ ತಿಳಿಯಿತು. ಹಳೆಯ ವಿಮಾನದ ಪ್ರಶ್ನೆ ಉಳಿಯಿತು. ಮತ್ತೆ, ಪದೇ ಪದೇ ತಡ ಮಾಡುವ ಕಂಪನಿ ಕೆಟ್ಟದ್ದೋ ಒಳ್ಳೆಯದೋ?

---

ಟಾರ್ಕ್ ರೆಂಚ್

ವಯಸ್ಸನ್ನು ಬರೀ ವರ್ಷದಲ್ಲಿ ಅಳೆದರೆ ತಪ್ಪುತ್ತದೆ ಮಾಸ್ಟ್ರೇ. ಎಷ್ಟು ಸಲ ಏರಿ ಇಳಿಯಿತು ಎಂಬ ಸೈಕಲ್ ಲೆಕ್ಕ ಮುಖ್ಯ, ಏಕೆಂದರೆ ಪ್ರತಿ ಸಲವೂ ಒಳಗಿನ ಒತ್ತಡಕ್ಕೆ ವಿಮಾನದ ಮೈ ಉಬ್ಬಿ ಇಳಿಯುತ್ತದೆ. 28 ಏಪ್ರಿಲ್ 1988ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ 737ರ ಮುಂಭಾಗದ ಛಾವಣಿಯೇ ಹಾರಿಹೋಯಿತು. ಅದು 89,680 ಸೈಕಲ್ ಮುಗಿಸಿತ್ತು. ದ್ವೀಪದಿಂದ ದ್ವೀಪಕ್ಕೆ ಗಿಡ್ಡ ಹಾರಾಟ, ಸುತ್ತ ಉಪ್ಪುಗಾಳಿ, ತಗಡುಗಳ ಜೋಡಣೆಯ ಅಂಟು ಬಿಟ್ಟು ರಿವೆಟ್ ತೂತುಗಳ ಸಾಲಿನಲ್ಲಿ ಬಿರುಕು. ನಮ್ಮ ಕರಾವಳಿಯ ನಿಲ್ದಾಣಗಳಲ್ಲೂ ಉಪ್ಪು, ತೇವ ಎರಡೂ ಉಂಟು. ಆದ್ದರಿಂದ ತೊಳೆಯುವುದು, ಟಾಯ್ಲೆಟ್ ಮತ್ತು ಗ್ಯಾಲಿ ನೆಲದಡಿಯ ತಗಡು ತೆರೆದು ನೋಡುವುದು, ನೀರು ಹರಿದುಹೋಗುವ ತೂತು ಕಟ್ಟದಂತೆ ಇಡುವುದು, ಇವಕ್ಕೆಲ್ಲ ಬೆಲೆ ಹೆಚ್ಚು. ಚೆನ್ನಾಗಿ ನೋಡಿಕೊಂಡ 18 ವರ್ಷದ ವಿಮಾನವನ್ನು ನಂಬಬಹುದು, ಅವಸರದಲ್ಲಿ ರಿಲೀಸ್ ಮಾಡಿದ 3 ವರ್ಷದ್ದನ್ನು ನಂಬುವ ಹಾಗಿಲ್ಲ.

---

ರಾತ್ರಿಪಾಳಿ

ತಡದ ಬಗ್ಗೆ. ಬರೀ ತಡದ ಸಂಖ್ಯೆಯಿಂದ ಏನೂ ತಿಳಿಯದು. ಬಿಡಿಭಾಗ ಸ್ಟಾಕ್ ಇಡದೆ, ಒಂದು ವಿಮಾನದ್ದನ್ನು ಬಿಚ್ಚಿ ಇನ್ನೊಂದಕ್ಕೆ ಹಾಕುತ್ತಾ ಹೋಗುವ ಕಂಪನಿಯೂ ತಡ ಮಾಡುತ್ತದೆ. ಅದು ಕೆಟ್ಟ ಲಕ್ಷಣ. ಹಾಗೆ ಮಾಡಿದರೆ ಒಂದು ದೋಷಕ್ಕೆ ಎರಡು ಸಲ ಬಿಚ್ಚಿ ಎರಡು ಸಲ ಜೋಡಿಸಬೇಕು, ಪ್ರತಿ ಸಲವೂ ತಪ್ಪಿಗೆ ಹೊಸ ಅವಕಾಶ. ಆದರೆ ಬ್ರೇಕಿನ ಸವೆತ ತೋರಿಸುವ ವೇರ್ ಪಿನ್ ಪ್ಲೇಟಿಗೆ ಸಮ ಆಗಿದೆ, ಬದಲಿಸದೆ ಬಿಡುವುದಿಲ್ಲ ಎಂದು ಎಂಜಿನಿಯರ್ ನಿಂತರೆ, ಆ ತಡ ನಿಮ್ಮ ಪುಣ್ಯ. ಆ ಪಿನ್ ನೋಡುವುದಕ್ಕೂ ಕ್ರಮ ಉಂಟು: ಪಾರ್ಕಿಂಗ್ ಬ್ರೇಕ್ ಹಾಕಿದ ಮೇಲೆಯೇ ನೋಡಬೇಕು, ಇಲ್ಲದಿದ್ದರೆ ಸವೆತ ಕಡಿಮೆ ಕಾಣುತ್ತದೆ. 737ರ ಎಂಜಿನ್ ಆಯಿಲ್ ಮಟ್ಟ ನೋಡುವುದೂ ಹಾಗೆಯೇ. ಆಫ್ ಮಾಡಿ 5ರಿಂದ 30 ನಿಮಿಷದ ಒಳಗೆ ನೋಡಬೇಕು. ತಡವಾದರೆ ಟ್ಯಾಂಕಿನ ಆಯಿಲ್ ಗೇರ್‌ಬಾಕ್ಸಿಗೆ ಇಳಿದು ಮಟ್ಟ ಕಡಿಮೆ ತೋರಿಸುತ್ತದೆ. ಅದನ್ನು ನಂಬಿ ಸುರಿದರೆ ಆಯಿಲ್ ಹೆಚ್ಚಾಯಿತು, ಅದರ ಜೊತೆಗೆ ಆ ಎಂಜಿನ್ ಎಷ್ಟು ಕುಡಿಯುತ್ತದೆ ಎಂಬ ಲೆಕ್ಕವೂ ಕೆಟ್ಟಿತು. ಇಳಿದು ಮತ್ತೆ ಹೊರಡುವ ನಡುವಿನ ನಲವತ್ತು ನಿಮಿಷದ ಟರ್ನ್‌ಅರೌಂಡ್‌ನಲ್ಲಿ ಒಬ್ಬ ಎಂಜಿನಿಯರ್‌ಗೆ ಎರಡು ವಿಮಾನ ಕೊಟ್ಟರೆ ಮೊದಲು ಬಿಟ್ಟುಹೋಗುವುದು ಇಂಥವೇ.

ನನ್ನನ್ನು ಕೇಳಿದರೆ ಕಂಪನಿಯ ಗುಣ ತಿಳಿಯುವುದು ಅದರ ಟೆಕ್ ಲಾಗ್‌ನಿಂದ. ದಿನವಿಡೀ ಹೊರಗಿನ ಊರುಗಳಲ್ಲಿ ಒಂದೂ ಸ್ನ್ಯಾಗ್ ಬರೆಯದೆ, ರಾತ್ರಿ ಬೇಸ್‌ಗೆ ಬಂದ ಕೊನೆಯ ಹಾರಾಟದಲ್ಲೇ ಎಲ್ಲ ಬರೆಯುತ್ತಿದ್ದರೆ ಆ ಪೈಲಟ್‌ಗಳು ಹೆದರಿದ್ದಾರೆ ಎಂದರ್ಥ. ಹೊರಗಿನ ಊರಲ್ಲಿ ಬರೆದರೆ ವಿಮಾನ ಅಲ್ಲೇ ನಿಲ್ಲುತ್ತದೆ, ಫೋನ್ ಬರುತ್ತದೆ. ಖಾಲಿ ಪುಟ ಎಂದರೆ ವಿಮಾನ ಸರಿ ಇದೆ ಎಂದಲ್ಲ, ಯಾರೂ ಬಾಯಿ ಬಿಡುತ್ತಿಲ್ಲ ಎಂದೂ ಆಗಬಹುದು. 29 ಅಕ್ಟೋಬರ್ 2018ರ ಲಯನ್ ಏರ್ ದುರಂತದಲ್ಲಿ 189 ಮಂದಿ ಹೋದರು. ವಿನ್ಯಾಸದ ದೋಷ ದೊಡ್ಡದಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿಂದಿನ ರಾತ್ರಿ ಬಾಲಿಯಿಂದ ಬಂದ ಅದೇ ವಿಮಾನದಲ್ಲಿ ಕಂಟ್ರೋಲ್ ಕಾಲಮ್ ನಡುಗಿಸುವ ಎಚ್ಚರಿಕೆ ಹಾರಾಟದ ಉದ್ದಕ್ಕೂ ಇತ್ತು, ಬಾಲದ ಸ್ಟೆಬಿಲೈಸರನ್ನು ಕರೆಂಟಿನಿಂದ ತಿರುಗಿಸುವ ಟ್ರಿಮ್ ಸ್ವಿಚ್ ಆಫ್ ಮಾಡಿ ಕೈಯಿಂದ ನಡೆಸಿಕೊಂಡು ಬಂದಿದ್ದರು. ಇವೆರಡೂ ಲಾಗ್‌ನಲ್ಲಿ ಬರಲಿಲ್ಲ. ಬರೆದಷ್ಟಕ್ಕೆ ಎಂಜಿನಿಯರ್ ಕೆಲಸ ಮಾಡಿದರು, ಬೆಳಗ್ಗೆ ವಿಮಾನ ಹೊರಟಿತು.

ಆದ್ದರಿಂದ ನಾನು ಬೆಲೆ ಕೊಡುವುದು ಬರೆದವನನ್ನು ಹೊಡೆಯದ ಕಂಪನಿಗೆ. ಉಪಕರಣ ಎಣಿಸುವಾಗ ಒಂದು ಸ್ಪ್ಯಾನರ್ ಕಡಿಮೆ ಬಂತು ಎಂದು ಹೇಳಿದ ಹುಡುಗನಿಗೆ ಬೈಗುಳ ಸಿಕ್ಕಿದರೆ, ಮುಂದಿನ ಸಲ ಅವನು ಹೇಳುವುದಿಲ್ಲ. ಸ್ಪ್ಯಾನರ್ ರೆಕ್ಕೆಯೊಳಗೇ ಇರುತ್ತದೆ. ಬೇಕೆಂದೇ ಪುಸ್ತಕ ಬಿಟ್ಟು ಮಾಡಿದವನಿಗೆ, ಮಾಡದ ಕೆಲಸಕ್ಕೆ ಸಹಿ ಹಾಕಿದವನಿಗೆ ಶಿಕ್ಷೆ ಇರಲೇಬೇಕು. ಈ ಎರಡರ ನಡುವಿನ ಗೆರೆಯನ್ನು ಮೊದಲೇ ಬರೆದು ಎಲ್ಲರಿಗೂ ತಿಳಿಸಿಡಬೇಕು.

---

ಪಯಸ್ವಿನಿ ದಡ

ಹೊರಗಿನವರಿಗೆ ಕಾಣುವ ಗುರುತುಗಳು ಕೆಲವು ಉಂಟು ಮಾಸ್ಟ್ರೇ. ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘವಾದ ಅಯಾಟಾ ನಡೆಸುವ ಸುರಕ್ಷತಾ ತಪಾಸಣೆ, ಐಒಎಸ್‌ಎ ಆಡಿಟ್ ಪಾಸಾದ ಕಂಪನಿಗಳ ಪಟ್ಟಿ ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಸಿಗುತ್ತದೆ. ಯುರೋಪಿಯನ್ ಯೂನಿಯನ್ ತನ್ನ ಆಕಾಶದಲ್ಲಿ ನಿಷೇಧಿಸಿದ ಕಂಪನಿಗಳ ಪಟ್ಟಿಯೂ ಬಹಿರಂಗ. ದೇಶದ ನಿಯಂತ್ರಕರ ಬಲವನ್ನೂ ನೋಡಬೇಕು. ಅಮೆರಿಕದ ವಿಮಾನಯಾನ ನಿಯಂತ್ರಕರಾದ ಎಫ್‌ಎಎ 2014ರ ಜನವರಿಯಲ್ಲಿ ಭಾರತವನ್ನು ಸುರಕ್ಷತಾ ಉಸ್ತುವಾರಿಯಲ್ಲಿ ಎರಡನೇ ದರ್ಜೆಗೆ ಇಳಿಸಿ, ಡಿಜಿಸಿಎ ಲೋಪಗಳನ್ನು ಸರಿಪಡಿಸಿದ ಮೇಲೆ 2015ರ ಏಪ್ರಿಲ್‌ನಲ್ಲಿ ಮೊದಲ ದರ್ಜೆ ವಾಪಸು ಕೊಟ್ಟಿತು. ಇಷ್ಟರಿಂದ ತಳಮಟ್ಟ ತಿಳಿಯುತ್ತದೆ, ಇವತ್ತು ರಾತ್ರಿಯ ಪಾಳಿ ಹೇಗಿದೆ ಎಂದು ತಿಳಿಯದು.

ಕಂಡದ್ದನ್ನು ಹೇಳುವುದು ಪ್ರಯಾಣಿಕರ ಕೈಯಲ್ಲೇ ಇದೆ. ಮೇಲೆ ಬರೆದ ಅಲೋಹಾ ವಿಮಾನಕ್ಕೆ ಹತ್ತುವಾಗ ಒಬ್ಬ ಪ್ರಯಾಣಿಕರು ಬಾಗಿಲ ಬಳಿ ಬಿರುಕು ಕಂಡಿದ್ದರು, ಯಾರಿಗೂ ಹೇಳಲಿಲ್ಲ. ರೆಕ್ಕೆಯಿಂದ ದ್ರವ ಸುರಿಯುವುದು, ಪ್ಯಾನೆಲ್ ಅಲುಗಾಡುವುದು, ಸುಟ್ಟ ವಾಸನೆ, ಸೀಟಿನ ಕೆಳಗೆ ಲೈಫ್ ಜಾಕೆಟ್ ಇಲ್ಲದಿರುವುದು, ಬೆಲ್ಟ್ ಸಿಕ್ಕದಿರುವುದು, ಯಾವುದೇ ಇರಲಿ, ಬಾಗಿಲು ಮುಚ್ಚುವ ಮೊದಲು ಕ್ಯಾಬಿನ್ ಸಿಬ್ಬಂದಿಗೆ ಹೇಳಿ, ‘ಕ್ಯಾಪ್ಟನ್‌ಗೆ ತಿಳಿಸಿ’ ಎಂದೂ ಸೇರಿಸಿ. ಮಳೆಗಾಲದಲ್ಲಿ ಏಸಿ ಗಾಳಿಯೊಡನೆ ಬರುವ ಬಿಳಿ ಮಂಜು ಬರೀ ತೇವದ್ದು, ಅದಕ್ಕೆ ವಾಸನೆ ಇರುವುದಿಲ್ಲ, ಹೆದರಬೇಕಾಗಿಲ್ಲ. ರೆಕ್ಕೆಯ ತುದಿ ಬಳುಕುವುದೂ ಸಹಜ.

ಇಳಿದ ಮೇಲೆ ಬರೆಯುವುದಾದರೆ ಕಂಪನಿಗೆ ಮತ್ತು ದೂರು ಕೊಡುವ ಸರಕಾರದ ಏರ್‌ಸೇವಾ ಪೋರ್ಟಲ್‌ಗೆ ಬರೆಯಿರಿ. ವಿಮಾನ ಸಂಖ್ಯೆ, ತಾರೀಖು, ಸೀಟಿನ ಸಾಲು, ಎಡವೋ ಬಲವೋ, ಯಾವ ಹೊತ್ತಿನಲ್ಲಿ ಕಂಡಿರಿ, ಸಿಬ್ಬಂದಿ ಏನೆಂದರು, ಫೋಟೋ ಇದ್ದರೆ ಅದು. ಬಾಗಿಲ ಬಳಿ ಅಥವಾ ಹಿಂಭಾಗದ ಮೈಮೇಲೆ ವಿಟಿ ಎಂದು ಶುರುವಾಗುವ ನೋಂದಣಿ ಅಕ್ಷರಗಳು ಕಂಡರೆ ಅವನ್ನೂ ಹಾಕಿ. ವಿಮಾನ ಸಂಖ್ಯೆ ಒಂದೇ ಇದ್ದರೂ ದಿನಕ್ಕೊಂದು ವಿಮಾನ ಬರುತ್ತದೆ. ಎಂಜಿನಿಯರ್‌ಗೆ ಹುಡುಕಲು ಬೇಕಾಗುವುದು ಆ ಅಕ್ಷರಗಳೇ.